ಕಡಿಯುವುದಕ್ಕೆ ಮುನ್ನ

ಗೃಹಸ್ಥನು ನಿತ್ಯವೂ ಉಪಯೋಗಿಸುವ ವಸ್ತುಗಳಲ್ಲಿ ಎರಡು ಬಗೆಯುಂಟು. ಮೊದಲನೆಯ ಬಗೆಯವು ತಮ್ಮ ಮುಪ್ಪನ್ನು ತಾವೇ ಸಾರುತ್ತವೆ. ಚಪ್ಪಲಿಯ ಅಟ್ಟೆ ಸವೆದರೆ ಅದು ಅಂಗಾಲಿಗೆ ತಿಳಿಯುತ್ತದೆ. ಈಳಿಗೆಯ ಬಾಯಿ ಮೊಂಡಾದರೆ ಅಡಿಗೆಮನೆಯಲ್ಲಿ ಆ ಸಂಗತಿ ಒಂದು ಹೊತ್ತಿನಲ್ಲಿಯೇ ಪ್ರಕಟವಾಗುತ್ತದೆ. ಹಂಚು ಸರಿದರೆ ಮೊದಲ ಮಳೆಯೇ ಹೇಳುತ್ತದೆ. ಎರಡನೆಯ ಬಗೆಯವು ಹಾಗಲ್ಲ. ಅವು ಕಡೆಯ ದಿನದ ಕಡೆಯ ಗಳಿಗೆಯವರೆಗೂ ತಮ್ಮ ಕೆಲಸವನ್ನು ಕುಂದಿಲ್ಲದೆ ಮಾಡಿ, ಆಮೇಲೆ ಒಮ್ಮೆಗೇ ನಿಂತುಬಿಡುತ್ತವೆ. ಮೊದಲನೆಯ ಬಗೆಯ ವಸ್ತುವನ್ನು ಬದಲಾಯಿಸಲು ಕಣ್ಣಿದ್ದರೆ ಸಾಕು. ಎರಡನೆಯದನ್ನು ಬದಲಾಯಿಸಲು ವಿವೇಕ ಬೇಕು. ಈ ಎರಡನೆಯ ವರ್ಗಕ್ಕೆ ಸೇರಿದ ಒಂದು ವಸ್ತುವಿನ ವಿಷಯದಲ್ಲಿ ಈಚೆಗೆ ನಾವು ಬಹಳವಾಗಿ ಆಲೋಚಿಸಬೇಕಾಗಿ ಬಂದಿತು. ಅದು ಮೋಟಾರು ಕಾರಿನ ಎಂಜಿನ್ನಿನೊಳಗಿರುವ ಹಲ್ಲುಗಳುಳ್ಳ ರಬ್ಬರಿನ ಪಟ್ಟಿ. ಯಂತ್ರಜ್ಞರು ಅದನ್ನು ಟೈಮಿಂಗ್ ಬೆಲ್ಟ್ ಎನ್ನುವರು. ನಾವು ಕಾಲಪಟ್ಟಿಯೆಂದು ಕರೆಯೋಣ.

ಸಂಸ್ಕೃತ ಪಾಠ ಹೇಳಿ ನಿವೃತ್ತನಾದ ಉಪಾಧ್ಯಾಯನಿಗೆ ಎಂಜಿನ್ನಿನ ಗೊಡವೆಯೇಕೆಂದು ವಾಚಕರು ನಗಬಹುದು. ಆದರೆ ಇಂದು ಕಾರು ಶ್ರೀಮಂತರ ಮನೆಯ ವಸ್ತುವಾಗಿ ಉಳಿದಿಲ್ಲ. ಪಿಂಚಣಿಯಲ್ಲಿ ಕಾಲ ಕಳೆಯುವ ನಮ್ಮಂತಹವರೂ ಒಬ್ಬರ ಕೈಯಲ್ಲಿ ಓಡಿದ ಗಾಡಿಯನ್ನು ಕೊಂಡು ಇಟ್ಟುಕೊಂಡಿದ್ದೇವೆ. ಇಟ್ಟುಕೊಂಡ ಮೇಲೆ ಅದರ ಯೋಗಕ್ಷೇಮವೂ ಗೃಹಕೃತ್ಯದಲ್ಲಿ ಸೇರಿದುದೇ ಸರಿ.

ಈ ಪಟ್ಟಿಯ ಕೆಲಸವೇನೆಂಬುದನ್ನು ಮೊದಲು ತಿಳಿಯಬೇಕು. ಎಂಜಿನ್ನಿನ ಪ್ರತಿಯೊಂದು ಸಿಲಿಂಡರಿನಲ್ಲಿಯೂ ನಾಲ್ಕು ಕ್ರಿಯೆಗಳು ಸರದಿಯಂತೆ ನಡೆಯುತ್ತವೆ: ಗಾಳಿಯನ್ನು ಹೀರುವುದು, ಹೀರಿದುದನ್ನು ಒತ್ತುವುದು, ಇಂಧನವು ಉರಿದು ಪಿಸ್ಟನ್ನನ್ನು ಕೆಳಕ್ಕೆ ತಳ್ಳುವುದು, ಉರಿದ ಹೊಗೆಯನ್ನು ಹೊರಕ್ಕೆ ದೂಡುವುದು. ಈ ನಾಲ್ಕು ಹೆಜ್ಜೆಗಳ ಎಂಜಿನ್ನನ್ನು ಜರ್ಮನಿಯ ನಿಕೊಲಸ್ ಆಟೋ ಎಂಬಾತನು ೧೮೭೬ರಲ್ಲಿ ನಡೆಯಿಸಿ ತೋರಿಸಿದನು. ಹೀರುವಾಗ ಒಂದು ಕವಾಟವೂ ಹೊರದೂಡುವಾಗ ಇನ್ನೊಂದು ಕವಾಟವೂ ತೆರೆಯಬೇಕು. ನಡುವಣ ಎರಡು ಕ್ರಿಯೆಗಳಲ್ಲಿ ಎರಡೂ ಮುಚ್ಚಿರಬೇಕು. ಪಿಸ್ಟನ್ನುಗಳು ಕೆಳಗಿನ ಕ್ರ್ಯಾಂಕ್ ದಂಡವನ್ನು ತಿರುಗಿಸುತ್ತವೆ. ಕವಾಟಗಳನ್ನು ಮೇಲಿನ ಕ್ಯಾಮ್ ದಂಡವು ತೆರೆಯುತ್ತದೆ. ಕೆಳಗಿನದು ಎರಡು ಸುತ್ತು ಸುತ್ತುವಷ್ಟರಲ್ಲಿ ಮೇಲಿನದು ಒಂದೇ ಸುತ್ತು ಸುತ್ತಬೇಕು. ಆದುದರಿಂದಲೇ ಮೇಲಿನ ಚಕ್ರಕ್ಕೆ ಕೆಳಗಿನದರ ಎರಡರಷ್ಟು ಹಲ್ಲುಗಳಿರುತ್ತವೆ. ಈ ಎರಡನ್ನೂ ಒಂದೇ ತಾಳಕ್ಕೆ ಕಟ್ಟಿಹಾಕಿರುವ ಬಂಧವೇ ಕಾಲಪಟ್ಟಿ. ಎಂಜಿನ್ನು ನಿಮಿಷಕ್ಕೆ ೩೦೦೦ ಸುತ್ತು ತಿರುಗುತ್ತಿದ್ದರೆ, ಒಂದೊಂದು ಕವಾಟವೂ ಸೆಕೆಂಡಿಗೆ ೨೫ ಬಾರಿ, ಗಂಟೆಗೆ ೯೦,೦೦೦ ಬಾರಿ ತೆರೆದು ಮುಚ್ಚಬೇಕು. ಒಂದು ಬಾರಿಯೂ ತಾಳ ತಪ್ಪಕೂಡದು.

ನಮ್ಮ ಹಿರಿಯರಿಗೆ ಈ ಪಟ್ಟಿಯ ಚಿಂತೆಯಿರಲಿಲ್ಲ. ಹಳೆಯ ಅಂಬಾಸಡರ್ ಗಾಡಿಯಲ್ಲಿಯೂ ಪ್ರೀಮಿಯರ್ ಪದ್ಮಿನಿಯಲ್ಲಿಯೂ ಈ ಕೆಲಸವನ್ನು ಉಕ್ಕಿನ ಸರಪಳಿಯು ಮಾಡುತ್ತಿತ್ತು. ಹಲ್ಲುಪಟ್ಟಿಯು ಹುಟ್ಟಿದುದು ೧೯೪೦ರ ದಶಕದ ಅಮೆರಿಕದಲ್ಲಿ, ಅದೂ ಮೋಟಾರಿಗಾಗಿ ಅಲ್ಲ, ಹೊಲಿಗೆಯ ಯಂತ್ರಕ್ಕಾಗಿ. ಸೂಜಿಯೂ ಕೆಳಗಿನ ನೂಲುಂಡೆಯೂ ಒಂದೇ ತಾಳದಲ್ಲಿ ಚಲಿಸಬೇಕೆಂಬುದು ಅಲ್ಲಿನ ಅಗತ್ಯವಾಗಿತ್ತು. ಜರ್ಮನಿಯ ಬವೇರಿಯಾ ಪ್ರಾಂತದಲ್ಲಿ, ಮೊದಲು ಬೀಜ ಬಿತ್ತುವ ಯಂತ್ರಗಳನ್ನು ಮಾಡುತ್ತಿದ್ದ ಗ್ಲಾಸ್ ಎಂಬ ಕಾರಖಾನೆಯವರು, ೧೯೬೨ರಲ್ಲಿ ಮಾರಾಟಕ್ಕೆ ತಂದ ತಮ್ಮ ೧೦೦೪ ಎಂಬ ಕಾರಿನಲ್ಲಿ ಇದನ್ನು ಅಳವಡಿಸಿದರು. ೧೯೬೬ರಲ್ಲಿ ಇಟಲಿಯ ಫಿಯೆಟ್ ೧೨೪ ಸ್ಪೋರ್ಟ್ ಅದನ್ನು ಅನುಸರಿಸಿತು. ಸರಪಳಿಗಿಂತ ಇದು ಹಗುರ, ಸದ್ದು ಕಡಿಮೆ, ಎಣ್ಣೆ ಬೇಡ, ಬೆಲೆಯೂ ಅಗ್ಗ. ನಮ್ಮ ದೇಶದಲ್ಲಿ ೧೯೮೩ರ ಡಿಸೆಂಬರಿನಲ್ಲಿ ಹೊರಬಂದ ಮಾರುತಿ ೮೦೦ ಈ ಪಟ್ಟಿಯನ್ನು ಮಧ್ಯಮ ವರ್ಗದವರ ಮನೆಗಳಿಗೆ ತಂದಿತು. ಆಮೇಲಿನ ಎಷ್ಟೋ ಕಾರುಗಳಲ್ಲಿ ಪಟ್ಟಿಯಿದೆ. ಎಷ್ಟೋ ಕಾರುಗಳು ಮತ್ತೆ ಸರಪಳಿಗೆ ಮರಳಿವೆ. ವಿದ್ಯುತ್ತಿನ ಕಾರುಗಳಲ್ಲಿ ಎರಡೂ ಇಲ್ಲ. ಹೀಗೆ, ತಂದೆಯ ಕಾಲದಲ್ಲಿ ಇಲ್ಲದ ವಸ್ತುವೊಂದು ಮಗನ ಕಾಲದಲ್ಲಿ ಮನೆಗೆ ಬಂದುದರಿಂದ, ಅದರ ವಿಷಯದಲ್ಲಿ ವೃದ್ಧಾಚಾರವೆಂಬುದೇ ನಮ್ಮಲ್ಲಿ ಬೆಳೆಯಲಿಲ್ಲ. ಎಣ್ಣೆ ಬದಲಾಯಿಸಬೇಕೆಂದು ಎಲ್ಲರೂ ಬಲ್ಲರು. ಪಟ್ಟಿ ಬದಲಾಯಿಸಬೇಕೆಂದು ಬಲ್ಲವರು ಕಡಿಮೆ.

ಪಟ್ಟಿ ಕಡಿದರೆ ಆಗುವುದೇನು? ಎಂಜಿನ್ನು ನಿಲ್ಲುತ್ತದೆ. ಕೆಲವು ಎಂಜಿನ್ನುಗಳಲ್ಲಿ ಅಷ್ಟಕ್ಕೇ ಮುಗಿಯಿತು. ಹೊಸ ಪಟ್ಟಿಯನ್ನು ತೊಡಿಸಿದರೆ ಗಾಡಿ ಮತ್ತೆ ಓಡುತ್ತದೆ. ಆದರೆ ಬಹಳ ಎಂಜಿನ್ನುಗಳಲ್ಲಿ ಪಿಸ್ಟನ್ನು ಮೇಲೇರುವ ಜಾಗವೂ ಕವಾಟವು ಕೆಳಗಿಳಿಯುವ ಜಾಗವೂ ಒಂದೇ. ಒಂದು ಬಂದಾಗ ಇನ್ನೊಂದು ಸರಿದು ದಾರಿ ಬಿಡುತ್ತಿರುವುದರಿಂದ ಮಾತ್ರವೇ ಅವು ಡಿಕ್ಕಿ ಹೊಡೆಯವು. ಪಟ್ಟಿ ಕಡಿದೊಡನೆ ಮೇಲಿನ ದಂಡವು ನಿಲ್ಲುತ್ತದೆ; ಕೆಲವು ಕವಾಟಗಳು ತೆರೆದಂತೆಯೇ ಉಳಿಯುತ್ತವೆ; ಕೆಳಗಿನ ದಂಡವು ತನ್ನ ವೇಗದಲ್ಲಿ ಇನ್ನೂ ತಿರುಗುತ್ತ ಪಿಸ್ಟನ್ನುಗಳನ್ನು ಅವುಗಳ ಮೇಲೆ ಎಸೆಯುತ್ತದೆ. ಕವಾಟಗಳು ಬಾಗುತ್ತವೆ, ಕೆಲವು ವೇಳೆ ಪಿಸ್ಟನ್ನೂ ಒಡೆಯುತ್ತದೆ. ಡೀಸೆಲ್ ಎಂಜಿನ್ನಿನಲ್ಲಿ ಗಾಳಿಯನ್ನು ಬಹಳವಾಗಿ ಒತ್ತಬೇಕಾದುದರಿಂದ ಪಿಸ್ಟನ್ನಿನ ಮೇಲೆ ಉಳಿಯುವ ಎಡೆ ಅತ್ಯಲ್ಪ. ಆದಕಾರಣ ಅದರಲ್ಲಿ ಈ ಅನಾಹುತವು ತಪ್ಪುವುದು ಅಪರೂಪ. ನಮ್ಮದು ಡೀಸೆಲ್ ಗಾಡಿ.

ಇನ್ನು ನಮ್ಮ ಸಂಗತಿ. ನಾವು ಇರುವುದು ತೀರ್ಥಹಳ್ಳಿಯ ಕಡೆ. ನಮ್ಮ ಮನೆಯವರಿಗೆ ಸಕ್ಕರೆಯ ಕಾಯಿಲೆಯಿಂದ ಕಣ್ಣಿನ ಒಳಪದರವು ಊದಿಕೊಂಡು, ೨೦೨೪ನೆಯ ಇಸವಿಯ ಆದಿಯಿಂದ ತಿಂಗಳಿಗೊಮ್ಮೆ ಕಣ್ಣಿಗೆ ಸೂಜಿಮದ್ದು ಹಾಕಿಸಬೇಕಾಯಿತು. ಆ ಮದ್ದಿನ ಪ್ರಭಾವವು ಕೆಲವು ವಾರಗಳಲ್ಲಿ ಕುಗ್ಗುತ್ತದೆ. ಕುಗ್ಗುವುದಕ್ಕೆ ಮೊದಲು ಮುಂದಿನದು ಬೀಳಬೇಕು. ತಡವಾದರೆ ಕಳೆದುಹೋದ ದೃಷ್ಟಿಯೆಲ್ಲವೂ ಮರಳುವುದೆಂಬ ಭರವಸೆಯಿಲ್ಲವೆಂದು ವೈದ್ಯರು ನಮ್ಮಿಬ್ಬರನ್ನೂ ಕೂರಿಸಿ ಹೇಳಿದ್ದರು. ನಲವತ್ತು ವರ್ಷಗಳಿಂದ ಪ್ರತಿ ಸಂಜೆಯೂ ದೀಪ ಹಚ್ಚಿ ಪುಸ್ತಕ ಹಿಡಿದು ಕೂತವರಿಗೆ ಈ ಮಾತಿನ ತೂಕವೆಷ್ಟೆಂಬುದನ್ನು ವಿವರಿಸಬೇಕಾಗಿಲ್ಲ. ಚಿಕಿತ್ಸೆ ನಡೆಯುವುದು ಮಣಿಪಾಲದಲ್ಲಿ. ದೂರ ಸುಮಾರು ೮೫ ಕಿಲೋಮೀಟರು. ನಡುವೆ ಆಗುಂಬೆಯ ಘಾಟಿ, ಅದರ ಹದಿನಾಲ್ಕು ತಿರುವುಗಳು. ಬಸ್ಸುಗಳಿಲ್ಲವೆಂದಲ್ಲ. ಆದರೆ ಕಣ್ಣಿಗೆ ಪಟ್ಟಿ ಕಟ್ಟಿಕೊಂಡವರನ್ನು ಆ ತಿರುವುಗಳಲ್ಲಿ ಬಸ್ಸಿನಲ್ಲಿ ಕರೆತರುವುದು ಕಷ್ಟ.

ನಮ್ಮ ಕಾರು ೨೦೧೪ರ ಜೂನಿನಲ್ಲಿ ತಯಾರಾದುದು. ನಾವು ಕೊಂಡುದು ೨೦೧೯ರಲ್ಲಿ. ೨೦೨೪ರ ಏಪ್ರಿಲಿನಲ್ಲಿ ಅದು ೭೧,೪೦೦ ಕಿಲೋಮೀಟರು ಓಡಿತ್ತು. ಅದರ ಕೈಪಿಡಿಯಲ್ಲಿ, ಕಾಲಪಟ್ಟಿಯನ್ನು ಒಂದು ಲಕ್ಷ ಕಿಲೋಮೀಟರಿಗೆ ಅಥವಾ ಹತ್ತು ವರ್ಷಕ್ಕೆ, ಯಾವುದು ಮೊದಲೋ ಆಗ ಬದಲಾಯಿಸತಕ್ಕದ್ದೆಂದು ಬರೆದಿತ್ತು. ವರ್ಷದ ಲೆಕ್ಕದಲ್ಲಿ ಎರಡು ತಿಂಗಳು ಮಾತ್ರ ಉಳಿದಿತ್ತು. ದೂರದ ಲೆಕ್ಕದಲ್ಲಿ ಇನ್ನೂ ೨೮,೬೦೦ ಕಿಲೋಮೀಟರು ಉಳಿದಿತ್ತು. ಕೇಳಿದವರೆಲ್ಲರೂ ಒಂದೊಂದು ಹೇಳಿದರು. ಆಗ ನಾವು, ಬಾಲ್ಯದಲ್ಲಿ ಗುರುಗಳಿಂದ ಕಲಿತ ಕ್ರಮದಂತೆ, ಯಾವ ಪ್ರಮಾಣದಿಂದ ಏನು ತಿಳಿಯುತ್ತದೆಂದು ಒಂದೊಂದಾಗಿ ನೋಡತೊಡಗಿದೆವು. ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದವೆಂದು ನೈಯಾಯಿಕರು ನಾಲ್ಕು ಪ್ರಮಾಣಗಳನ್ನು ಒಪ್ಪುವರಷ್ಟೆ.

ಪ್ರತ್ಯಕ್ಷವು ಇಲ್ಲಿ ಬಹುಮಟ್ಟಿಗೆ ನಿರುಪಯೋಗಿ. ಪಟ್ಟಿಯು ಮುಚ್ಚಳದ ಮರೆಯಲ್ಲಿದೆ. ಮುಚ್ಚಳವನ್ನು ತೆಗೆಸಿ ನೋಡಿದರೂ ಕಾಣುವುದು ಅದರ ಬೆನ್ನು ಮಾತ್ರ. ಅದರ ಬಲವಿರುವುದು ಬೆನ್ನಿನಲ್ಲಿ ಅಲ್ಲ, ಒಳಗೆ ಹುದುಗಿರುವ ಗಾಜಿನ ನೂಲಿನ ಎಳೆಗಳಲ್ಲಿ. ಮತ್ತು ಹಲ್ಲುಗಳ ಬುಡದಲ್ಲಿ. ಹಿಂದಿನ ಕಾಲದ ಪಟ್ಟಿಗಳು ನಿಯೋಪ್ರೀನ್ ಎಂಬ ಕೃತಕ ರಬ್ಬರಿನವು. ಮುಪ್ಪಾದಾಗ ಅವುಗಳ ಮೇಲೆ ಬಿರುಕು ಮೂಡುತ್ತಿತ್ತು. ಈಗಿನವುಗಳ ರಬ್ಬರು ಇನ್ನೂ ಗಟ್ಟಿಯಾದ ಜಾತಿಯದು, ಕಾವನ್ನು ಹೆಚ್ಚು ತಡೆಯುತ್ತದೆ, ಬೇಗನೆ ಬಿರಿಯುವುದಿಲ್ಲ. ಇದು ಗುಣವೇ ಹೌದು. ಆದರೆ ಈ ಗುಣದಿಂದಲೇ, ಹೊರಗೆ ಬಿರುಕಿಲ್ಲವೆಂಬುದು ಒಳಗೆ ಬಲವಿದೆಯೆಂಬುದಕ್ಕೆ ಸಾಕ್ಷಿಯಾಗದು. ಬಿರುಕು ಕಂಡರೆ, ಎಣ್ಣೆ ಹತ್ತಿದ್ದರೆ, ಹಲ್ಲು ಮುರಿದಿದ್ದರೆ, ಆ ಕ್ಷಣದಲ್ಲಿಯೇ ಬದಲಾಯಿಸಬೇಕೆಂಬುದು ನಿಶ್ಚಯ. ಇವು ಯಾವುವೂ ಕಾಣದಿದ್ದರೆ ಏನೂ ನಿಶ್ಚಯವಾಗಲಿಲ್ಲ. ಕಾಣುವುದರಿಂದ ದೋಷವು ಸಿದ್ಧವಾದೀತು. ಕಾಣದಿರುವುದರಿಂದ ಆರೋಗ್ಯವು ಸಿದ್ಧವಾಗದು.

ಅನುಮಾನಕ್ಕೆ ಬರೋಣ. ಪರಿಚಿತರೊಬ್ಬರು, “ಇಷ್ಟು ವರ್ಷ ಕಡಿಯಲಿಲ್ಲ, ಗಟ್ಟಿಯಾದ ಪಟ್ಟಿ, ಮುಂದೆಯೂ ಕಡಿಯದು” ಎಂದರು. ಇದು ಕೇಳಲು ಅನುಮಾನದಂತಿದ್ದರೂ ಹೇತ್ವಾಭಾಸವೇ ಸರಿ. ಕಡಿದ ಪ್ರತಿಯೊಂದು ಪಟ್ಟಿಯೂ ಕಡಿಯುವ ಹಿಂದಿನ ದಿನದವರೆಗೆ ಕಡಿಯದೆಯೇ ಇದ್ದಿತಲ್ಲವೆ? ಆದುದರಿಂದ ಆ ಹೇತುವಿಗೂ ಆ ಸಾಧ್ಯಕ್ಕೂ ವ್ಯಾಪ್ತಿಯಿಲ್ಲ. ಬದಲಿಗೆ, ಸವೆಯುವ ವಸ್ತುವಿನಲ್ಲಿ ಕಳೆದ ವರ್ಷಗಳ ಸೇವೆಯು ಮುಂದಿನ ವರ್ಷಗಳ ಬಂಡವಾಳವಲ್ಲ, ಖರ್ಚು. ಇನ್ನೊಂದು ಅನುಮಾನವು ಸಾಧುವಾದುದು. ರಬ್ಬರು ಓಡಿದರೆ ಸವೆಯುತ್ತದೆ. ಓಡದೆ ನಿಂತಿದ್ದರೂ ಕಾವಿನಿಂದಲೂ ಗಾಳಿಯಲ್ಲಿನ ಆಮ್ಲಜನಕದಿಂದಲೂ ಪೆಡಸಾಗುತ್ತದೆ. ಆದಕಾರಣವೇ ಕೈಪಿಡಿಯಲ್ಲಿ ದೂರವೊಂದೇ ಅಲ್ಲದೆ ವರ್ಷವೂ ಇರುವುದು. ದೂರದ ಲೆಕ್ಕವಾದರೂ ಎಂಜಿನ್ನಿನ ಸುತ್ತುಗಳನ್ನು ಎಣಿಸುವುದಿಲ್ಲ, ಚಕ್ರದ ಸುತ್ತುಗಳನ್ನು ಎಣಿಸುತ್ತದೆ. ಘಾಟಿಯಲ್ಲಿ ಎರಡನೆಯ ಗೇರಿನಲ್ಲಿ ಹತ್ತುವ ಒಂದು ಕಿಲೋಮೀಟರಿಗೆ, ಬಯಲಿನ ಹೆದ್ದಾರಿಯ ಒಂದು ಕಿಲೋಮೀಟರಿಗಿಂತ ಎಂಜಿನ್ನು ಬಹಳ ಹೆಚ್ಚು ಬಾರಿ ತಿರುಗುತ್ತದೆ. ನಮ್ಮ ೭೧,೪೦೦ ಕಿಲೋಮೀಟರು ಮಲೆನಾಡಿನ ಕಿಲೋಮೀಟರುಗಳು. ಅವುಗಳನ್ನು ಬಯಲುಸೀಮೆಯ ಅಷ್ಟೇ ಕಿಲೋಮೀಟರುಗಳಿಗೆ ಸಮಾನವೆಂದು ಎಣಿಸುವುದು ಯುಕ್ತವಾಗದು.

ಉಪಮಾನಕ್ಕೆ ನಮ್ಮ ಮನೆಯ ಬಾವಿಯೇ ಇದೆ. ಹಗ್ಗವು ಹಳೆಯದಾದರೆ ಮನೆಯ ಹಿರಿಯರು ಅದು ಹರಿಯುವವರೆಗೆ ಕಾಯುತ್ತಿರಲಿಲ್ಲ. ಹರಿದರೆ ಹೋಗುವುದು ಹಗ್ಗವಷ್ಟೇ ಅಲ್ಲ, ಕೊಡವೂ ಹೋಗುತ್ತದೆ, ಆಮೇಲೆ ಊರಿನಲ್ಲಿ ಪಾತಾಳಗರಡಿಯಿರುವ ಮನೆಯನ್ನು ಹುಡುಕಬೇಕು. ಹಗ್ಗದ ಬೆಲೆಯನ್ನು ಹಗ್ಗದೊಡನೆ ತೂಗದೆ ಕೊಡದೊಡನೆ ತೂಗುವುದು ಅವರ ಲೆಕ್ಕ. ಆದರೆ ಬಾವಿಯ ಹಗ್ಗವು ಎಳೆ ಬಿಚ್ಚಿಕೊಂಡು ಮುನ್ಸೂಚನೆ ಕೊಡುತ್ತದೆ. ಕಾಲಪಟ್ಟಿಯು ಅದನ್ನೂ ಕೊಡುವುದಿಲ್ಲ.

ಉಳಿದುದು ಶಬ್ದಪ್ರಮಾಣ, ಎಂದರೆ ಆಪ್ತರ ಮಾತು. ಯಥಾರ್ಥವನ್ನು ಬಲ್ಲವನೂ ಬಲ್ಲುದನ್ನು ಇದ್ದಂತೆ ಹೇಳುವವನೂ ಆಪ್ತನು. ಈ ಎರಡು ಲಕ್ಷಣಗಳಿಂದ ನಾವು ನಮಗೆ ಬುದ್ಧಿ ಹೇಳಿದವರನ್ನು ಪರೀಕ್ಷಿಸಿದೆವು. ಮೊದಲನೆಯ ಮೆಕ್ಯಾನಿಕನು, ಒಂದು ಲಕ್ಷವಾಗುವವರೆಗೂ ಮುಟ್ಟಬೇಡಿರೆಂದನು. ಆತನಿಗೆ ಇದರಲ್ಲಿ ಸ್ವಾರ್ಥವಿರಲಿಲ್ಲ. ಆದರೆ ವರ್ಷದ ಮಿತಿಯಿದೆಯೆಂಬುದು ಆತನಿಗೆ ತಿಳಿದಿರಲಿಲ್ಲ. ಎರಡನೆಯವನು ಪಟ್ಟಿಯೊಂದನ್ನೇ ಐದು ಸಾವಿರಕ್ಕೆ ಹಾಕಿಕೊಡುವೆನೆಂದನು. ಮೂರನೆಯವನು ಪಟ್ಟಿ, ಅದನ್ನು ಬಿಗಿಹಿಡಿಯುವ ರಾಟೆ, ದಾರಿ ತೋರುವ ರಾಟೆ, ನೀರಿನ ಪಂಪು, ಕೂಲಿ, ಎಲ್ಲ ಸೇರಿ ೧೪,೫೦೦ ರೂಪಾಯಿ ಎಂದನು. ಆತನಿಗೆ ಲಾಭವಿತ್ತೆಂಬುದು ನಿಜ. ಆದರೆ ಲಾಭವುಳ್ಳವನ ಮಾತೆಲ್ಲವೂ ಸುಳ್ಳಾಗಬೇಕಾದ ನಿಯಮವಿಲ್ಲ. ಅದನ್ನು ಬೇರೆ ಪ್ರಮಾಣದಿಂದ ಸರಿನೋಡಬೇಕು, ಅಷ್ಟೆ. ಕೈಪಿಡಿಯನ್ನು ಬರೆದವರಾದರೋ ಆ ಎಂಜಿನ್ನನ್ನು ಮಾಡಿದವರು, ಯಥಾರ್ಥವನ್ನು ಬಲ್ಲವರು. ಪಟ್ಟಿಯನ್ನು ಬೇಗನೆ ಬದಲಾಯಿಸಿರೆಂದು ಬರೆದರೆ ಗಾಡಿಯ ಖರ್ಚು ಹೆಚ್ಚೆಂದು ಕೊಳ್ಳುವವರು ಹಿಂಜರಿಯುವರು. ತಡವಾಗಿ ಎಂದು ಬರೆದರೆ ಎಂಜಿನ್ನುಗಳು ಮುರಿದು ಹೆಸರು ಕೆಡುವುದು. ಎರಡು ಕಡೆಯ ಎಳೆತಗಳ ನಡುವೆ ನಿಂತ ಮಾತಾದುದರಿಂದ ನಾವು ಅದನ್ನೇ ಆಪ್ತವಾಕ್ಯವೆಂದು ಗ್ರಹಿಸಿದೆವು. ಈ ಮಿತಿಯು ಎಲ್ಲ ಗಾಡಿಗಳಿಗೂ ಒಂದೇ ಅಲ್ಲ. ಕೆಲವಕ್ಕೆ ಅರವತ್ತು ಸಾವಿರ, ಕೆಲವಕ್ಕೆ ಲಕ್ಷ, ಕೆಲವಕ್ಕೆ ಒಂದೂವರೆ ಲಕ್ಷ. ವರ್ಷಗಳೂ ಹಾಗೆಯೇ ಬೇರೆ ಬೇರೆ. ಆದುದರಿಂದ ನೆರೆಯವರ ಕಾರಿನ ಅಂಕಿ ನಮಗೆ ಪ್ರಮಾಣವಲ್ಲ. ಅಲ್ಲದೆ ಎಷ್ಟೋ ಕೈಪಿಡಿಗಳಲ್ಲಿ, ಧೂಳು, ಕಾವು, ಬೆಟ್ಟದ ದಾರಿ ಇವುಗಳಲ್ಲಿ ಓಡುವ ಗಾಡಿಗಳಿಗೆ ಬೇರೊಂದು ಪುಟದಲ್ಲಿ ಕಿರಿದಾದ ಮಿತಿಯನ್ನು ಕೊಟ್ಟಿರುತ್ತಾರೆ. ಆ ಪುಟವನ್ನು ಓದದೆ ಬಿಡಬಾರದು.

ಇದರ ನಡುವೆ, ನಮಗೆ ಗಾಡಿ ಮಾರಿದವರು ಪಟ್ಟಿಯನ್ನು ಆಗಲೇ ಬದಲಾಯಿಸಿತ್ತೆಂದು ಬಾಯಿಮಾತಿನಲ್ಲಿ ಹೇಳಿದ್ದರೆಂಬುದೂ ಒಂದು ಸಂಗತಿಯಿತ್ತು. ಅವರ ಕಾಗದಪತ್ರಗಳಲ್ಲಿ ಆ ಖರ್ಚಿನ ರಸೀತಿಯಿರಲಿಲ್ಲ. ಪಟ್ಟಿಯನ್ನು ಹಾಕಿದ ದಿನವನ್ನೂ ಓಡಿದ ದೂರವನ್ನೂ ಬರೆದು ಎಂಜಿನ್ನಿನ ಬಳಿ ಒಂದು ಚೀಟಿ ಅಂಟಿಸುವ ರೂಢಿಯಿದೆ, ಅದೂ ಇರಲಿಲ್ಲ. ಅವರು ಸುಳ್ಳಾಡಿದರೆಂದು ನಾವು ಹೇಳುವುದಿಲ್ಲ. ಹೊರಗಿನ ಬೇರೊಂದು ಪಟ್ಟಿಯನ್ನು, ಬ್ಯಾಟರಿಗೆ ವಿದ್ಯುತ್ತು ತುಂಬುವ ಯಂತ್ರವನ್ನು ತಿರುಗಿಸುವ ಪಟ್ಟಿಯನ್ನು, ಬದಲಾಯಿಸಿ ಇದೇ ಎಂದು ಭಾವಿಸಿದ್ದರೂ ಭಾವಿಸಿರಬಹುದು. ಹೇಗಾದರೂ, ಬರೆಹದಲ್ಲಿ ಇಲ್ಲದ ಬದಲಾವಣೆಯನ್ನು ಆಗಿಲ್ಲವೆಂದೇ ಎಣಿಸಬೇಕೆಂದು ನಿಶ್ಚಯಿಸಿದೆವು. ಆಗಿದ್ದರೆ ನಷ್ಟವಾಗುವುದು ಒಂದು ಪಟ್ಟಿಯ ಬೆಲೆ. ಆಗಿಲ್ಲದಿದ್ದರೆ ಉಳಿಯುವುದು ಒಂದು ಎಂಜಿನ್ನು.

ಇನ್ನು ಹಣದ ಲೆಕ್ಕ. ಪಿಂಚಣಿದಾರನಿಗೆ ಹದಿನಾಲ್ಕೂವರೆ ಸಾವಿರವು ಸಣ್ಣ ಮೊತ್ತವಲ್ಲ. ಆ ವರ್ಷ ಕಣ್ಣಿನ ಚಿಕಿತ್ಸೆಗೆ ಬೇರೆ ಕೈ ಬಿಚ್ಚಬೇಕಾಗಿತ್ತು. “ಒಂದು ವರ್ಷ ತಡೆಯೋಣ” ಎಂಬ ಮಾತು ನಮ್ಮ ಮನೆಯಲ್ಲಿಯೂ ಬಂದಿತು. ಆದರೆ ತಡೆದರೆ ಉಳಿಯುವುದೆಷ್ಟು? ಖಾಸಗಿ ಕಾರಿನ ನೋಂದಣಿಯು ಹದಿನೈದು ವರ್ಷದ್ದು. ಅಲ್ಲಿಯವರೆಗೆ ಇನ್ನೂ ಐದು ವರ್ಷ ಓಡಿಸಬೇಕೆಂಬುದು ನಮ್ಮ ಸಂಕಲ್ಪ. ಹೊಸ ಪಟ್ಟಿಯು ಹತ್ತು ವರ್ಷ ಬಾಳತಕ್ಕದ್ದು. ಈ ವರ್ಷ ಹಾಕಿಸಿದರೂ ಒಂದೇ ಪಟ್ಟಿ. ಮುಂದಿನ ವರ್ಷ ಹಾಕಿಸಿದರೂ ಒಂದೇ ಪಟ್ಟಿ. ಹಾಗಾದರೆ ಒಂದು ವರ್ಷ ತಡೆದುದರಿಂದ ಉಳಿಯುವುದು ೧೪,೫೦೦ ರೂಪಾಯಿ ಅಲ್ಲ, ಅದರ ಒಂದು ವರ್ಷದ ಬಡ್ಡಿ ಮಾತ್ರ. ನೂರಕ್ಕೆ ಏಳರಂತೆ ೧,೦೧೫ ರೂಪಾಯಿ. ಕಡಿದರೆ ಎಂಜಿನ್ನನ್ನು ಬಿಚ್ಚಿ ರಿಪೇರಿ ಮಾಡಲು ಅರವತ್ತು ಸಾವಿರವಾದರೂ ಬೇಕೆಂದು ತಿಳಿದುಬಂದಿತ್ತು. ಆ ವರ್ಷದಲ್ಲಿ ಪಟ್ಟಿ ಕಡಿಯುವ ಸಂಭವವು ಅರವತ್ತರಲ್ಲಿ ಒಂದರಷ್ಟಿದ್ದರೂ ತಡೆದುದರಿಂದ ಲಾಭವಿಲ್ಲ. ನಿಜವಾಗಿ ಹಣವು ಉಳಿಯುವುದು ಒಂದೇ ಮಾರ್ಗದಿಂದ: ಎಂದೆಂದಿಗೂ ಬದಲಾಯಿಸದೆ, ಐದು ವರ್ಷವೂ ಹಳೆಯ ಪಟ್ಟಿಯಲ್ಲಿಯೇ ಓಡಿಸಿ, ಕಡಿಯದೆ ಪಾರಾದರೆ. ಆಗ ಹದಿನಾಲ್ಕೂವರೆ ಸಾವಿರವನ್ನು ಉಳಿಸಲು ಅರವತ್ತು ಸಾವಿರವನ್ನು ಪಣಕ್ಕಿಟ್ಟಂತಾಯಿತು. ಹೀಗೆ ನೋಡಿದಾಗ “ಸ್ವಲ್ಪ ತಡೆಯೋಣ” ಎಂಬ ಮೂರನೆಯ ಮಾರ್ಗವು ಮಾಯವಾಗಿ, ಈಗ ಬದಲಾಯಿಸುವುದು, ಇಲ್ಲವೆ ಎಂದೂ ಬದಲಾಯಿಸದಿರುವುದು, ಈ ಎರಡೇ ಉಳಿದವು. ಸಂಸಾರದ ಎಷ್ಟೋ ಮುಂದೂಡಿಕೆಗಳು ಉಳಿತಾಯದ ವೇಷದಲ್ಲಿ ಬರುತ್ತವೆ. ಲೆಕ್ಕ ಬರೆದು ನೋಡಿದರೆ ಉಳಿತಾಯವು ಅಲ್ಲಿರುವುದಿಲ್ಲ. ಒಂದು ವರ್ಷದಲ್ಲಿ ಗಾಡಿಯನ್ನು ಮಾರಿಬಿಡುವವರ ಲೆಕ್ಕ ಬೇರೆ. ಅವರು ಕೊಳ್ಳುವವರಿಗೆ ನಿಜವನ್ನು ತಿಳಿಸಿ, ಬೆಲೆಯಲ್ಲಿ ಅಷ್ಟನ್ನು ಬಿಟ್ಟುಕೊಟ್ಟರೆ ಧರ್ಮವಾಗುವುದು.

ರೂಪಾಯಿಯ ಲೆಕ್ಕಕ್ಕೆ ಸಿಕ್ಕದ ಇನ್ನೊಂದು ಭಾಗವೂ ಇತ್ತು. ಎಂಜಿನ್ನು ನಿಂತರೆ ಬ್ರೇಕಿಗೆ ಸಹಾಯಕವಾದ ನಿರ್ವಾತಶಕ್ತಿಯು ಒಂದೆರಡು ಬಾರಿ ಒತ್ತುವಷ್ಟರಲ್ಲಿ ಖರ್ಚಾಗಿ, ಕಾಲಿನ ಬಲವನ್ನೆಲ್ಲ ಹಾಕಿ ತುಳಿಯಬೇಕಾಗುತ್ತದೆ, ಚುಕ್ಕಾಣಿಯೂ ಭಾರವಾಗುತ್ತದೆ. ಬಯಲಿನಲ್ಲಿ ಇದನ್ನು ಹೇಗೋ ಸುಧಾರಿಸಬಹುದು. ಜುಲೈ ತಿಂಗಳ ಮಂಜಿನಲ್ಲಿ, ಆಗುಂಬೆಯ ಒಂದು ತಿರುವಿನಲ್ಲಿ, ಒಂದು ಕಣ್ಣಿಗೆ ಕಟ್ಟು ಹಾಕಿಸಿಕೊಂಡವರು ಪಕ್ಕದಲ್ಲಿ ಕೂತಿರುವಾಗ ಇದು ಒದಗಿದರೆ ಏನೆಂಬುದಕ್ಕೆ ಅಂಕಿಯಿಲ್ಲ. ಮೇಲಾಗಿ ಆ ತಿಂಗಳ ಮದ್ದು ತಪ್ಪಿದರೆ ಅದಕ್ಕೂ ಅಂಕಿಯಿಲ್ಲ. ಕಣ್ಣಿನ ವೈದ್ಯರು, ಇನ್ನೂ ಓದಲು ಬರುತ್ತಿರುವಾಗಲೇ ಮದ್ದು ಹಾಕಬೇಕು, ಬಾರದಾದ ಮೇಲೆ ಹಾಕುವುದಲ್ಲವೆಂದಿದ್ದರು. ಅದೇ ಮಾತು ಆ ಕಣ್ಣನ್ನು ಘಾಟಿಯಿಳಿಸಿ ಕರೆದೊಯ್ಯುವ ಗಾಡಿಗೂ ಅನ್ವಯಿಸಿತು.

ಇಷ್ಟು ಹೇಳಿದುದರಿಂದ, ಎಲ್ಲವನ್ನೂ ಬೇಗಬೇಗನೆ ಬದಲಾಯಿಸುತ್ತಿರಬೇಕೆಂದು ವಾಚಕರು ತಿಳಿಯಬಾರದು. ನಲವತ್ತು ಸಾವಿರ ಕಿಲೋಮೀಟರಿಗೇ ಪಟ್ಟಿಯನ್ನು ಹಾಕಿಸುವುದು ಒಳ್ಳೆಯದೆಂದವರೂ ಉಂಟು. ಅತಿಯಾದ ಜಾಗರೂಕತೆಯಲ್ಲಿಯೂ ದೋಷವಿದೆ. ಸರಿಯಾಗಿ ನಡೆಯುತ್ತಿರುವ ಯಂತ್ರವನ್ನು ಬಿಚ್ಚುವುದೆಂದರೆ ಮನುಷ್ಯನ ಕೈತಪ್ಪಿಗೆ ಒಂದು ಅವಕಾಶವನ್ನು ಕೊಟ್ಟಂತೆ. ಅಮೆರಿಕದ ವಿಮಾನ ಸಂಸ್ಥೆಯೊಂದರ ನೌಲನ್ ಮತ್ತು ಹೀಪ್ ಎಂಬಿಬ್ಬರು ೧೯೭೮ರಲ್ಲಿ ಪ್ರಕಟಿಸಿದ ವರದಿಯೊಂದು ಈ ವಿಷಯದಲ್ಲಿ ಪ್ರಸಿದ್ಧವಾಗಿದೆ. ಅವರು ಪರೀಕ್ಷಿಸಿದ ವಿಮಾನದ ಭಾಗಗಳಲ್ಲಿ, ವಯಸ್ಸಿನ ಮಿತಿಯನ್ನು ಹಾಕಿ ಬದಲಾಯಿಸುವುದರಿಂದ ಪ್ರಯೋಜನವಾಗಬಹುದಾದವು ನೂರಕ್ಕೆ ಹನ್ನೊಂದು ಮಾತ್ರ. ಉಳಿದ ಎಂಬತ್ತೊಂಬತ್ತಕ್ಕೆ ಅಂತಹ ಮಿತಿಯಿಂದ ಫಲವಿರಲಿಲ್ಲ. ಹೊಸದಾಗಿ ಹಾಕಿದೊಡನೆಯೇ ಕೆಡುವ ಭಾಗಗಳು ಬಹಳವಾಗಿದ್ದವು. ಆದುದರಿಂದ ಮುಂಚಿತವಾಗಿ ಬದಲಾಯಿಸುವುದಕ್ಕೆ ಎರಡು ಲಕ್ಷಣಗಳು ಕೂಡಿಬರಬೇಕು: ವಸ್ತುವು ವಯಸ್ಸಾದಂತೆಲ್ಲ ಕೆಡುವ ಸಂಭವವು ಏರುವಂತಹುದಾಗಿರಬೇಕು, ಕೆಟ್ಟಾಗ ಆಗುವ ನಷ್ಟವು ಅದರ ಬೆಲೆಗಿಂತ ಬಹಳ ದೊಡ್ಡದಾಗಿರಬೇಕು. ಮನೆಯ ದೀಪದ ಬಲ್ಬಿಗೆ ಎರಡನೆಯ ಲಕ್ಷಣವಿಲ್ಲ. ಅದು ಆರಿದ ಮೇಲೆಯೇ ಬದಲಾಯಿಸಬಹುದು. ಕಾಲಪಟ್ಟಿಗೆ ಎರಡೂ ಇವೆ. ಹೇಳಿದ ಕಾಲಕ್ಕೆ ಬದಲಾಯಿಸುವುದು, ಅದಕ್ಕಿಂತ ಬಹಳ ಮೊದಲೂ ಅಲ್ಲ, ಆಮೇಲೆಯೂ ಅಲ್ಲ, ಇದೇ ಮಧ್ಯಮ ಮಾರ್ಗ.

೨೦೨೪ರ ಮೇ ತಿಂಗಳಲ್ಲಿ, ಮಳೆಗಾಲಕ್ಕೆ ಮುನ್ನ, ಎರಡು ಚಿಕಿತ್ಸೆಗಳ ನಡುವಣ ವಾರದಲ್ಲಿ, ಮೂರನೆಯ ಮೆಕ್ಯಾನಿಕನಲ್ಲಿಯೇ ಕೆಲಸವನ್ನು ಮಾಡಿಸಿದೆವು. ಐದು ಸಾವಿರದ ಕೆಲಸವನ್ನು ಬಿಟ್ಟು ಹದಿನಾಲ್ಕೂವರೆ ಸಾವಿರದ್ದನ್ನು ಏಕೆ ಆರಿಸಿದಿರೆಂದರೆ, ಪಟ್ಟಿಯ ದಾರಿಯಲ್ಲಿರುವ ರಾಟೆಗಳೂ ಪಂಪೂ ಅಷ್ಟೇ ವಯಸ್ಸಿನವು. ನಮ್ಮ ಎಂಜಿನ್ನಿನಲ್ಲಿ ನೀರಿನ ಪಂಪನ್ನು ತಿರುಗಿಸುವುದೂ ಇದೇ ಪಟ್ಟಿ. ಹಳೆಯ ಪಂಪಿನ ಬೇರಿಂಗು ಬಿಗಿದುಕೊಂಡರೆ ಹೊಸ ಪಟ್ಟಿಯನ್ನೂ ಅದು ಹರಿದುಹಾಕುತ್ತದೆ. ಮತ್ತೆ ಅದನ್ನು ಬದಲಾಯಿಸಬೇಕಾದರೆ ಇದೇ ಬಿಚ್ಚುವ ಕೂಲಿಯನ್ನು ಎರಡನೆಯ ಬಾರಿ ಕೊಡಬೇಕು. ದಂಡಗಳ ತುದಿಯಿಂದ ಎಣ್ಣೆ ಜಿನುಗುತ್ತಿದೆಯೆ ಎಂಬುದನ್ನೂ ನೋಡಿಸಿದೆವು. ಎಣ್ಣೆಯು ಇಂತಹ ಪಟ್ಟಿಯ ರಬ್ಬರಿಗೆ ಶತ್ರು. ಹೊಸ ಪಟ್ಟಿಯನ್ನು ಮಡಿಸಬಾರದು, ತಿರುಚಬಾರದು; ಒಳಗಿನ ಗಾಜಿನ ಎಳೆಗಳು ಮುರಿಯುತ್ತವೆ. ತೊಡಿಸಿ ಬಿಗಿಮಾಡಿದ ಮೇಲೆ ಕೆಳಗಿನ ದಂಡವನ್ನು ಕೈಯಿಂದಲೇ ಎರಡು ಸುತ್ತು ಪೂರ್ತಿಯಾಗಿ ತಿರುಗಿಸಿ, ಗುರುತುಗಳು ಮತ್ತೆ ಸರಿಯಾಗಿ ಕೂಡುತ್ತವೆಯೇ ಎಂದು ನೋಡಿದ ಹೊರತು ಎಂಜಿನ್ನನ್ನು ಹಚ್ಚಬಾರದು. ಆ ಯುವಕನು ಅದನ್ನು ಒಮ್ಮೆ ನೋಡಿ, ನಾವು ಕೇಳದೆಯೇ ಮತ್ತೊಮ್ಮೆ ನೋಡಿದನು. ಆತನ ಮಾತು ಆಪ್ತವಾಕ್ಯವೇ ಎಂಬ ಸಂದೇಹವು ಆ ಎರಡನೆಯ ನೋಟದಿಂದ ನಮ್ಮಲ್ಲಿ ಪರಿಹಾರವಾಯಿತು.

ತೆಗೆದ ಹಳೆಯ ಪಟ್ಟಿಯನ್ನು ಕೇಳಿ ಪಡೆದು ಮನೆಗೆ ತಂದೆವು. ಹೊರನೋಟಕ್ಕೆ ಅದು ಚೆನ್ನಾಗಿಯೇ ಇತ್ತು. ಹಲ್ಲೊಂದೂ ಮುರಿದಿರಲಿಲ್ಲ, ಬಿರುಕು ಕಾಣಲಿಲ್ಲ. ಪರಿಚಿತರು ಅದನ್ನು ಕೈಯಲ್ಲಿ ಹಿಡಿದು, “ಇನ್ನೂ ಐದು ವರ್ಷ ಬರುತ್ತಿತ್ತು, ಮೇಷ್ಟ್ರೇ” ಎಂದರು. ಬರುತ್ತಿತ್ತೋ ಏನೋ. ಅವರ ಮಾತನ್ನು ಖಂಡಿಸುವ ಸಾಧನವು ನಮ್ಮಲ್ಲಿಲ್ಲ. ಸಾಧಿಸುವ ಸಾಧನವು ಅವರಲ್ಲಿಯೂ ಇಲ್ಲ. ಮುಂಜಾಗ್ರತೆಯ ಸ್ವಭಾವವೇ ಹೀಗೆ: ಅದು ಫಲಿಸಿದಾಗ ತೋರಿಸುವುದಕ್ಕೆ ಏನೂ ಇರುವುದಿಲ್ಲ. ನಡೆಯದೆ ಹೋದ ಅನಾಹುತಕ್ಕೆ ಸಾಕ್ಷಿಯನ್ನು ಯಾರೂ ತರಲಾರರು. ಇದನ್ನು ಸಹಿಸಿಕೊಳ್ಳಲಾರದವನು, ಹಣವು ವ್ಯರ್ಥವಾಯಿತೆಂದು ಪ್ರತಿದಿನವೂ ಕೊರಗುವನು. ಇಲ್ಲವೆ ಕಡಿಯುವವರೆಗೆ ಕಾದು, ತನ್ನ ಭಯವು ನಿಜವಾಗಿತ್ತೆಂದು ಸಮಾಧಾನ ಪಡುವನು.

ವಾಚಕರಲ್ಲಿ ಕಾರುಳ್ಳವರಿಗೆ ನಮ್ಮ ಬಿನ್ನಹವಿಷ್ಟೆ. ನಿಮ್ಮ ಗಾಡಿಯಲ್ಲಿ ಇರುವುದು ಪಟ್ಟಿಯೋ ಸರಪಳಿಯೋ ಎಂಬುದನ್ನು ಮೊದಲು ತಿಳಿಯಿರಿ. ಪಟ್ಟಿಯಾದರೆ ಕೈಪಿಡಿಯಲ್ಲಿರುವ ದೂರವನ್ನೂ ವರ್ಷವನ್ನೂ ಎರಡನ್ನೂ ಬರೆದಿಡಿ. ಮೊದಲು ಬರುವುದನ್ನು ಹಿಡಿಯಿರಿ. ಸರಪಳಿಯಾದರೆ ನಿಶ್ಚಿಂತೆಯೆಂದು ಎಣ್ಣೆ ಬದಲಾಯಿಸುವುದನ್ನು ಮರೆಯಬೇಡಿ. ಕೆಟ್ಟ ಎಣ್ಣೆಯಲ್ಲಿ ಸರಪಳಿಯೂ ಸವೆದು ಉದ್ದವಾಗುತ್ತದೆ. ಹಳೆಯ ಗಾಡಿಯನ್ನು ಕೊಳ್ಳುವಾಗ ರಸೀತಿಯನ್ನು ಕೇಳಿ. ರಸೀತಿಯಿಲ್ಲದಿದ್ದರೆ ಪಟ್ಟಿಯ ಖರ್ಚನ್ನು ಬೆಲೆಯಲ್ಲಿಯೇ ಸೇರಿಸಿಕೊಳ್ಳಿ. ಮಾಡಿಸಿದ ಮೇಲೆ ದಿನಾಂಕವನ್ನೂ ಕಿಲೋಮೀಟರನ್ನೂ ಒಂದು ಪುಸ್ತಕದಲ್ಲಿ ಬರೆದು ಗಾಡಿಯಲ್ಲಿಯೇ ಇಡಿ. ನಾವೂ ಹಾಗೆಯೇ ಬರೆದು ಇಟ್ಟಿದ್ದೇವೆ. ನಮ್ಮಿಂದ ಆ ಗಾಡಿಯನ್ನು ಮುಂದೆ ಕೊಳ್ಳತಕ್ಕವರು ಯಾರೋ ತಿಳಿಯದು. ಅವರು ನಮ್ಮ ಬಾಯಿಮಾತನ್ನು ನಂಬಬೇಕಾದ ಕಷ್ಟವು ಅವರಿಗೆ ಬಾರದಿರಲಿ.